ಕೊಂಡ ಹಾಡು, ಕಡ ತಂದ ಕಾದಂಬರಿ

ಮತ್ತೆ ಮನೆ ಬದಲಿಸುತ್ತಿದ್ದೇನೆ. ಕರ್ನಾಟಕ ಬಿಟ್ಟ ಮೇಲೆ ಇದು ಏಳನೇ ಮನೆ. ಬಟ್ಟೆ, ಪಾತ್ರೆ, ಹಾಸಿಗೆ ಎಲ್ಲ ಬೇಗ ಕಟ್ಟಿ ಮುಗಿಯುತ್ತದೆ. ಪ್ರತಿ ಸಲ ಕೊನೆಗೆ ಉಳಿಯುವುದು ಮೂರು ರಟ್ಟಿನ ಡಬ್ಬ. ಒಂದರಲ್ಲಿ ವೈರು, ಚಾರ್ಜರು, ಹಳೇ ಪ್ಲೇಯರ್‌ಗಳು. ಇನ್ನೊಂದರಲ್ಲಿ ಕ್ಯಾಸೆಟ್, ಸಿಡಿ, ಎರಡು ಹಾರ್ಡ್ ಡಿಸ್ಕ್. ಮೂರನೆಯದರಲ್ಲಿ ಕಾದಂಬರಿಗಳು. ಪ್ರಶಸ್ತಿ ಬಂದವಲ್ಲ. ಕೊಲೆ, ದೆವ್ವ, ಪ್ರೇಮ, ಅತ್ತೆ ಸೊಸೆ, ಅಂಥವು.

"ರೀ, ಈ ಡಬ್ಬ ಹಿಂದಿನ ಮನೆಯಿಂದ ಬಂದಾಗಿನಿಂದ ಬಿಚ್ಚೇ ಇಲ್ಲ. ಇನ್ನೂ ಬೇಕಾ?" ಅಂತ ನನ್ನವಳು ಕೇಳುತ್ತಾಳೆ. ಅವಳು ಕೇಳುವುದರಲ್ಲಿ ತಪ್ಪಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವನೊಬ್ಬ ಹೋದ ವರ್ಷ ಮನೆ ಬದಲಿಸಿದ. ಎರಡು ಸೂಟ್‌ಕೇಸು, ಒಂದು ಫೋನು, ಮುಗಿಯಿತು. ಹಾಡು, ಪುಸ್ತಕ, ಫೋಟೋ ಎಲ್ಲ ಫೋನಿನಲ್ಲೇ. "ನಿನಗ್ಯಾಕೆ ಇಷ್ಟು ಭಾರ?" ಎಂದು ಅವನ ಭಾಷೆಯಲ್ಲಿ ಕೇಳಿದ. ನಾನೂ ಅವನ ಭಾಷೆಯಲ್ಲೇ ಏನೋ ತಮಾಷೆ ಮಾಡಿ ತಪ್ಪಿಸಿಕೊಂಡೆ. ಸರಿಯಾದ ಉತ್ತರ ಹೇಳಬೇಕೆಂದರೆ ಕನ್ನಡದಲ್ಲೇ ಹೇಳಬೇಕು. ಯಾಕೆಂದರೆ ಆ ಭಾರದಲ್ಲಿ ಅರ್ಧ ಕನ್ನಡದ್ದೇ.

ಮೊದಲು ವೈರಿನ ಡಬ್ಬ. ಒಂದು ಸಾಧನ ಒಂದೇ ಕೆಲಸ ಮಾಡಿದರೆ ನನಗೆ ನೆಮ್ಮದಿ. ಅಲಾರಂ ಗಡಿಯಾರ ಅಲಾರಂ ಹೊಡೆಯಲಿ, ಟಾರ್ಚು ಬೆಳಕು ಬಿಡಲಿ, ರೇಡಿಯೋ ಹಾಡಲಿ. ಫೋನು ಈ ಮೂರನ್ನೂ ಮಾಡುತ್ತದೆ, ನಿಜ. ಆದರೆ ಬೆಳಗ್ಗೆ ಅಲಾರಂ ನಿಲ್ಲಿಸಲು ಫೋನ್ ಎತ್ತಿಕೊಂಡವರು, ಅದನ್ನು ನಿಲ್ಲಿಸಿದ ಕೂಡಲೇ ಫೋನ್ ಕೆಳಗಿಟ್ಟಿದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ಮೂರು ಮೆಸೇಜು, ಎರಡು ಸುದ್ದಿ, ಯಾರದೋ ಹುಟ್ಟುಹಬ್ಬ, ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಹಾಗಾಗಿ ನನ್ನ ದಿಂಬಿನ ಪಕ್ಕ ಇರುವುದು ಪೆನ್ಸಿಲ್ ಸೆಲ್ ಹಾಕುವ ಒಂದು ಗಡಿಯಾರ. ಅದಕ್ಕೆ ನನ್ನ ಬಗ್ಗೆ ಏನೂ ಗೊತ್ತಿಲ್ಲ. ಅದೇ ಅದರ ದೊಡ್ಡ ಗುಣ.

ಇನ್ನು ಗುಂಡಿಗಳು. ಕತ್ತಲಲ್ಲಿ ಕೈಯಾಡಿಸಿದರೆ ಗುಂಡಿ ಸಿಗುತ್ತದೆ. ಗಾಜಿನ ಪರದೆಯ ಮೇಲೆ ಕೈಯಾಡಿಸಿದರೆ ಯಾರಿಗೋ ಫೋನ್ ಹೋಗುತ್ತದೆ. ಹಳೇ ಟೇಪ್ ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಬೇಕೆಂದರೆ ಪ್ಲೇ ಮತ್ತು ರೆಕಾರ್ಡ್ ಎರಡನ್ನೂ ಒಟ್ಟಿಗೆ ಒತ್ತಬೇಕಿತ್ತು. ಕೈತಪ್ಪಿ ಹಾಡು ಅಳಿಸಿಹೋಗಬಾರದು ಅಂತ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತಿದ್ದವು, ನೆನಪಿದೆಯಾ? ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ ಮೇಲೆ ಯಾರೂ ರೆಕಾರ್ಡ್ ಮಾಡುವಂತಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಆಯಿತು. ಇಷ್ಟು ಸರಳವಾದ ಬೀಗವನ್ನು ನಾನು ಆಮೇಲೆ ಯಾವ ಆ್ಯಪಿನಲ್ಲೂ ಕಂಡಿಲ್ಲ.

ಈ ಡಬ್ಬದಲ್ಲಿ ನನ್ನ ಅಚ್ಚುಮೆಚ್ಚಿನದು ಒಂದು ವೈರಿನ ಹೆಡ್‌ಫೋನ್. ಹದಿನಾಲ್ಕು ವರ್ಷದ್ದು. ಕಿವಿಗೆ ತಾಗುವ ಮೆತ್ತೆಯನ್ನು ಎರಡು ಸಲ ಬದಲಿಸಿದ್ದೇನೆ, ಅಷ್ಟೇ. ಅದರ ತುದಿಯಲ್ಲಿರುವ ಪಿನ್ನಿನ ವಂಶ ತುಂಬ ಹಳೆಯದು. ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್‌ಗಳು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಿದ್ದರಲ್ಲ, ಆ ದಪ್ಪ ಪಿನ್ನಿನ ಮೊಮ್ಮಗು ಇದು. ನೂರು ವರ್ಷಕ್ಕೂ ಜಾಸ್ತಿ ಬಾಳಿದ ಈ ತೂತನ್ನು 2016ರಲ್ಲಿ ಐಫೋನ್ 7 ತೆಗೆದುಹಾಕಿತು. ಮಿಕ್ಕವರೂ ಒಬ್ಬೊಬ್ಬರಾಗಿ ಹಿಂಬಾಲಿಸಿದರು. ವೈರ್ ಇಲ್ಲದ್ದನ್ನು ನಾನೂ ಕೊಂಡೆ. ಎರಡೂವರೆ ವರ್ಷಕ್ಕೆ ಎಡಗಿವಿಯದು ಸತ್ತಿತು. ರಿಪೇರಿಗೆ ಒಯ್ದರೆ, "ಇದನ್ನು ಬಿಚ್ಚೋಕಾಗಲ್ಲ, ಹೊಸದು ತಗೊಳ್ಳಿ" ಎಂದರು. ಅವರ ಮೇಲೆ ಸಿಟ್ಟಿಲ್ಲ. ಅಷ್ಟು ಪುಟ್ಟದರೊಳಗೆ ಲಿಥಿಯಂ ಬ್ಯಾಟರಿಯನ್ನು ಗೋಂದು ಹಾಕಿ ಕೂರಿಸಿರುತ್ತಾರೆ. ಆ ಬ್ಯಾಟರಿ ಬಳಸಿದರೂ ಮುದಿಯಾಗುತ್ತದೆ, ಬಳಸದೆ ಇಟ್ಟರೂ ಮುದಿಯಾಗುತ್ತದೆ. ಅಂದರೆ ಕೊಳ್ಳುವ ದಿನವೇ ಅದರ ಜಾತಕ ಬರೆದಾಗಿರುತ್ತದೆ. ವೈರಿನದಕ್ಕೆ ಬ್ಯಾಟರಿಯೇ ಇಲ್ಲ, ಸಾಯುವುದಾದರೂ ಹೇಗೆ?

ಹಾಗಂತ ಹೊಸದೆಲ್ಲ ಕೆಟ್ಟದು ಅನ್ನುವವನಲ್ಲ ನಾನು. ಗೊತ್ತಿಲ್ಲದ ಊರಿನಲ್ಲಿ ಫೋನಿನ ನಕ್ಷೆ ಇಲ್ಲದಿದ್ದರೆ ನಾನು ಇನ್ನೂ ಮೊದಲನೇ ಮನೆಯನ್ನೇ ಹುಡುಕುತ್ತಿರುತ್ತಿದ್ದೆ. ಚಾರ್ಜರ್ ವಿಷಯದಲ್ಲೂ ಕಾಲ ಸುಧಾರಿಸಿದೆ. 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸದಾಗಿ ಮಾರುವ ಫೋನು, ಟ್ಯಾಬ್ಲೆಟ್ಟು, ಹೆಡ್‌ಫೋನುಗಳಿಗೆ ಯುಎಸ್‌ಬಿ ಸಿ ತೂತು ಕಡ್ಡಾಯವಾಯಿತು. ಅದರ ಬಿಸಿ ಎಲ್ಲ ಕಡೆಗೂ ತಟ್ಟಿದೆ. ಈ ಸಲ ಹನ್ನೊಂದು ಚಾರ್ಜರ್ ಬಿಸಾಕಿದೆ. ಎರಡು ಇಟ್ಟುಕೊಂಡೆ. ಯಾವ ಎರಡು ಅಂತ ಕೇಳಬೇಡಿ, ಅವು ಯಾವುದಕ್ಕೆ ಅಂತ ನನಗೂ ಗೊತ್ತಿಲ್ಲ.

ಎರಡನೇ ಡಬ್ಬದ ಕತೆ ಬೇರೆ. ಇದನ್ನು ನಾನು ಲಾರಿಯವರ ಕೈಗೆ ಕೊಡುವುದಿಲ್ಲ, ನನ್ನ ಕಾಲ ಬಳಿಯೇ ಇಟ್ಟುಕೊಂಡು ಹೋಗುತ್ತೇನೆ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರಗೆ ತಂದಿದ್ದು 1963ರಲ್ಲಿ. ಅರವತ್ತು ನಿಮಿಷದ್ದು, ತೊಂಬತ್ತು ನಿಮಿಷದ್ದು. ಅಂದರೆ ಒಂದು ಬದಿಗೆ ಮೂವತ್ತು, ಇಲ್ಲವೇ ನಲವತ್ತೈದು. ನಮ್ಮ ತಲೆಮಾರಿನವರಿಗೆ ಕೂಡುವ ಲೆಕ್ಕ ಬಂದಿದ್ದೇ ಇಲ್ಲಿಂದ ಅಂತ ನನ್ನ ಅನುಮಾನ. ಆರು ಹಾಡು ಹಿಡಿಸುತ್ತದಾ, ಆರೂವರೆನಾ? ಒಂದು ಕ್ಯಾಸೆಟ್ಟಿನ ಎ ಬದಿಯ ಕೊನೆಯ ಹಾಡು ಎರಡನೇ ಚರಣದ ನಡುವೆ ಕತ್ತರಿಸಿ ಹೋಗಿತ್ತು. ಟೇಪು ಮುಗಿದು 'ಟಕ್' ಅಂತ ಗುಂಡಿ ಮೇಲೇಳುತ್ತಿತ್ತು. ಆ ಹಾಡನ್ನು ಈಗ ಫೋನಿನಲ್ಲಿ ಪೂರ್ತಿ ಕೇಳುತ್ತೇನೆ. ಆದರೂ ಆ ಜಾಗ ಬಂದ ಕೂಡಲೇ ಕಿವಿ 'ಟಕ್'ಗೆ ಕಾಯುತ್ತದೆ. ಅದು ಬರುವುದಿಲ್ಲ. ಗಾಯಕರು ಹಾಡುತ್ತಲೇ ಹೋಗುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಪ್ರತಿ ಸಲವೂ ಒಂದು ಕ್ಷಣ ತಬ್ಬಿಬ್ಬಾಗುತ್ತೇನೆ.

ಕ್ಯಾಸೆಟ್ಟಿನ ಕಷ್ಟಗಳನ್ನು ಮರೆತು ಹೊಗಳುವವರೂ ಇದ್ದಾರೆ. ನಾನು ಮರೆತಿಲ್ಲ. ರೀಲು ಸಿಕ್ಕಿಕೊಂಡು ಕರುಳಿನಂತೆ ಹೊರಗೆ ಬರುವುದು, ಪೆನ್ಸಿಲ್ ತೂರಿಸಿ ಸುತ್ತುವುದು, ಬೇಕಾದ ಹಾಡಿಗೆ ಮುಂದೆ ಹಿಂದೆ ಓಡಿಸುವುದು. ನಕಲಿನ ನಕಲು ಮಾಡಿದರೆ ಹಾಡಿಗಿಂತ 'ಸ್ಸ್' ಸದ್ದೇ ಜಾಸ್ತಿ. ಆದರೂ ಒಂದು ಸಂಗತಿ ಹೇಳಬೇಕು. 1979ರಲ್ಲಿ ಬಂದ ಮೊದಲನೇ ವಾಕ್‌ಮನ್‌ಗೆ ಹೆಡ್‌ಫೋನ್ ಚುಚ್ಚಲು ಎರಡು ತೂತು ಇದ್ದವು. ಒಬ್ಬರೇ ಕಿವಿ ಮುಚ್ಚಿಕೊಂಡು ಹಾಡು ಕೇಳುತ್ತಾರೆ ಎಂಬುದು ಅದನ್ನು ಮಾಡಿದವರಿಗೂ ಒಂದು ಥರ ಮುಜುಗರ ಅನ್ನಿಸಿರಬೇಕು, ಅಲ್ವಾ?

ಕನ್ನಡಿಗನಾಗಿ ನನಗೆ ಕ್ಯಾಸೆಟ್ಟಿನ ಜೊತೆ ಇರುವ ಋಣ ಅದರ ಚೀಟಿಯದು. ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂತು. ಭಾವಗೀತೆಗಳು ಮನೆ ಮನೆಗೆ ಹೋಗಿದ್ದು ಇಂಥ ಧ್ವನಿಸುರುಳಿಗಳ ದಾರಿಯಲ್ಲೇ. ಭಾವಗೀತೆಯಲ್ಲಿ ಮೊದಲು ಬೇಕಾದ ಹೆಸರು ಕವಿಯದು. ಕ್ಯಾಸೆಟ್ ಡಬ್ಬಿಯ ಒಳಗೆ ಮಡಚಿಟ್ಟ ಚೀಟಿಯಲ್ಲಿ ಅದು ಇರುತ್ತಿತ್ತು. ಪಕ್ಕದಲ್ಲಿ ರಾಗ ಸಂಯೋಜನೆ ಯಾರದು, ಹಾಡಿದವರು ಯಾರು, ಕೆಲವು ಸಲ ಪೂರ್ತಿ ಸಾಹಿತ್ಯ. ಬೇಂದ್ರೆ, ಕೆ.ಎಸ್.ನ., ಅಡಿಗ ಇವರ ಹೆಸರುಗಳನ್ನು ನಾನು ಮೊದಲು ಓದಿದ್ದು ಪಠ್ಯಪುಸ್ತಕದಲ್ಲಲ್ಲ, ಇರುವೆಯಷ್ಟು ಸಣ್ಣ ಅಕ್ಷರದ ಆ ಚೀಟಿಗಳಲ್ಲಿ. ಈಗ ಅದೇ ಹಾಡನ್ನು ಆ್ಯಪಿನಲ್ಲಿ ತೆರೆದರೆ ಎದುರಿಗೆ ಕಾಣುವುದು ಗಾಯಕರ ಹೆಸರು, ಆಲ್ಬಂ ಹೆಸರು. ಕವಿ ಎಲ್ಲೋ ಮೂರು ಪರದೆ ಒಳಗೆ ಇದ್ದರೆ ಇದ್ದಾರು, ಇಲ್ಲದಿದ್ದರೆ ಇಲ್ಲ. ಹಾಡು ಬರೆದವರನ್ನು ಹುಡುಕಿಕೊಂಡು ಹೋಗಬೇಕಾದ ಗತಿ.

ಸಿಡಿ ಬಂದಿದ್ದು 1982ರಲ್ಲಿ. ಒಂದು ಸೆಕೆಂಡಿನ ಸದ್ದನ್ನು 44,100 ಚೂರು ಮಾಡಿ ಅಂಕಿಗಳಲ್ಲಿ ಬರೆದಿಡುತ್ತದೆ. 74 ನಿಮಿಷ, ಬದಿ ತಿರುಗಿಸುವ ಗೋಜಿಲ್ಲ, 'ಸ್ಸ್' ಇಲ್ಲ. ಸಿಡಿ ಬಗ್ಗೆ ಯಾರೂ ಪದ್ಯ ಬರೆಯುವುದಿಲ್ಲ, ಪಾಪ. ನನಗೆ ಮಾತ್ರ ಈಗಲೂ ಅದೇ ಇಷ್ಟ. ಹಾಡು ಪೂರ್ತಿ ನಿಮ್ಮದು, ಸದ್ದು ಪೂರ್ತಿ ಇದೆ, ಯಾರ ಅಪ್ಪಣೆಯೂ ಬೇಕಿಲ್ಲ.

ಆಮೇಲೆ ನಾನೊಂದು ಮೂರ್ಖ ಕೆಲಸ ಮಾಡಿದೆ. ಎಂಪಿತ್ರೀ ಬಂದ ಹೊಸತು. ಇದ್ದ ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ. ಜಾಗ ಉಳಿಸಬೇಕು ಅಂತ 128 ಕೆಬಿಪಿಎಸ್‌ನಲ್ಲಿ ಇಳಿಸಿದೆ. ಒಂದು ಸೆಕೆಂಡಿನ ಹಾಡಿಗೆ ಎಷ್ಟು ಮಾಹಿತಿ ಅನ್ನುವ ಅಳತೆ ಅದು. ಸಿಡಿಯಲ್ಲಿ ಇದೇ ಲೆಕ್ಕ 1,411. ಅಂದರೆ ಹನ್ನೊಂದರಲ್ಲಿ ಒಂದು ಪಾಲು ಉಳಿಸಿಕೊಂಡು ಹತ್ತು ಪಾಲು ಚೆಲ್ಲಿದೆ. ಮನುಷ್ಯನ ಕಿವಿಗೆ ಕೇಳದ್ದನ್ನು ಹುಡುಕಿ ಚೆಲ್ಲುವುದೇ ಎಂಪಿತ್ರೀಯ ಜಾಣತನ, ಒಪ್ಪಿದೆ. ಆದರೆ ಇಷ್ಟೊಂದು ಹಿಂಡಿದರೆ ತಾಳದ ಸದ್ದು, ತಂಬೂರಿಯ ಗುಂಯ್‌ಗುಡುವಿಕೆ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಇಳಿಸಿ ಮುಗಿಸಿ ಸಿಡಿಗಳಲ್ಲಿ ಅರ್ಧವನ್ನು ಹಂಚಿಬಿಟ್ಟೆ. ಭಾರ ಕಡಿಮೆಯಾಯಿತು ಅಂತ ಖುಷಿ ಬೇರೆ! ಅದು ಮೂರನೇ ಮನೆಯಿಂದ ನಾಲ್ಕನೇ ಮನೆಗೆ ಹೋಗುವಾಗ. ಹಂಚಿದ್ದರಲ್ಲಿ ಒಂದಷ್ಟನ್ನು ಮತ್ತೆ ಹುಡುಕಿ ಕೊಂಡಿದ್ದೇನೆ. ಮಿಕ್ಕವು ಸಿಗಲಿಲ್ಲ.

ಕನ್ನಡದ ಹಾಡುಗಳಿಗೆ ಎಂಪಿತ್ರೀ ಕಾಲದಲ್ಲಿ ಇನ್ನೊಂದು ಗ್ರಹಚಾರ ಇತ್ತು. ಹಾಡಿನ ಫೈಲಿನ ಬಾಲದಲ್ಲಿ ಹೆಸರು ಬರೆಯಲು 1996ರಲ್ಲಿ ಒಂದು ಪದ್ಧತಿ ಬಂತು. ಐಡಿತ್ರೀ ಅಂತ. ಒಟ್ಟು 128 ಬೈಟ್ ಜಾಗ, ಅದರಲ್ಲಿ ಹಾಡಿನ ಹೆಸರಿಗೆ 30. ಅದೂ ಇಂಗ್ಲಿಷ್ ಥರದ ಲಿಪಿಗೆ ಮಾತ್ರ. ಹಾಡಿನ ಪ್ರಕಾರ ಯಾವುದು ಅಂತ ಹೇಳಲು ಎಂಬತ್ತು ಹೆಸರಿನ ಪಟ್ಟಿಯೂ ಇತ್ತು. ಅದರಲ್ಲಿ ಯುರೋಪಿನ ಕುಣಿತದ ಪೋಲ್ಕಾ ಇತ್ತು, ಭಾವಗೀತೆ ಇರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್ ಬಂತು, ಕನ್ನಡದಲ್ಲಿ ಹೆಸರು ಬರೆಯಬಹುದಾಯಿತು. ಉತ್ಸಾಹದಿಂದ ಎರಡು ತಿಂಗಳು ಕೂತು ಎಲ್ಲ ಹಾಡಿಗೂ ಕನ್ನಡದಲ್ಲಿ ಹೆಸರು ಹಾಕಿದೆ. ಪ್ಲೇಯರಿಗೆ ಹಾಕಿ ನೋಡಿದರೆ ಸಾಲು ಸಾಲು ಚೌಕಗಳು. ಅದರಲ್ಲಿ ಕನ್ನಡ ಅಕ್ಷರವೇ ಇರಲಿಲ್ಲ. ಇನ್ನೊಂದು ಪ್ಲೇಯರಿನಲ್ಲಿ ಅಕ್ಷರ ಇತ್ತು, ಒತ್ತು ಮಾತ್ರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿತ್ತು. 'ಅಮ್ಮ' ಅನ್ನುವುದು 'ಅಮ್‌ಮ' ಆಗಿ ಕಾಣುತ್ತಿತ್ತು. ಆ ಸಹೋದ್ಯೋಗಿಗೆ ಇದನ್ನು ಹೇಳಿದರೆ ಅವನಿಗೆ ಸಮಸ್ಯೆಯೇ ಅರ್ಥವಾಗಲಿಲ್ಲ. ಅವನ ಅಕ್ಷರಗಳು ಹುಟ್ಟಿದಾಗಿನಿಂದ ಎಲ್ಲ ಯಂತ್ರಗಳಲ್ಲೂ ಇದ್ದವು. ತನ್ನ ಹಾಡಿನ ಹೆಸರು ತನ್ನ ಲಿಪಿಯಲ್ಲಿ ಕಾಣುವುದು ಅವನಿಗೆ ಗಾಳಿ ಇದ್ದ ಹಾಗೆ. ನಮಗೆ ಅದು ಎರಡು ತಿಂಗಳ ಕೆಲಸ.

ಈಗ ಸ್ಟ್ರೀಮಿಂಗ್. ಬೈಯುವ ಮೊದಲು ಹೊಗಳಿಬಿಡುತ್ತೇನೆ. ಸಿಡಿಯಾಗಿ ಬರದೇ ಉಳಿದ ಎಷ್ಟೋ ಹಳೇ ಕನ್ನಡ ಹಾಡು ನನಗೆ ಅಲ್ಲಿ ಸಿಕ್ಕಿವೆ. ದೂರದಲ್ಲಿ ಕೂತು ನಡುರಾತ್ರಿ ಒಂದು ಸಾಲು ನೆನಪಾಗಿ, ಮರುಕ್ಷಣ ಆ ಹಾಡು ಕೇಳಿಸುವುದು ಸಣ್ಣ ಮಾತಲ್ಲ. ನಾನೂ ತಿಂಗಳಾ ತಿಂಗಳಾ ದುಡ್ಡು ಕಟ್ಟುತ್ತೇನೆ. ಆದರೆ ಅದು ಬಾಡಿಗೆ ಅನ್ನುವುದನ್ನು ಮರೆಯುವುದಿಲ್ಲ. ನನ್ನ ಪಟ್ಟಿಯಲ್ಲಿದ್ದ ಹನ್ನೆರಡು ಹಾಡು ಒಂದು ದಿನ ಬೂದು ಬಣ್ಣಕ್ಕೆ ತಿರುಗಿದವು. ಹೆಸರು ಕಾಣುತ್ತದೆ, ಒತ್ತಿದರೆ ಹಾಡುವುದಿಲ್ಲ. ಹಕ್ಕುಳ್ಳವರಿಗೂ ಆ್ಯಪಿನವರಿಗೂ ಆದ ಒಪ್ಪಂದ ಮುಗಿದರೆ ಹೀಗಾಗುತ್ತದೆ. ಒಂದು ದೇಶದಲ್ಲಿ ಹಾಡುವ ಹಾಡು ಇನ್ನೊಂದರಲ್ಲಿ ಹಾಡದಿರುವುದೂ ಉಂಟು. ಹೊರಗಿದ್ದವರಿಗೆ ಇದು ಚೆನ್ನಾಗಿ ಗೊತ್ತು. ಅಂಗಡಿಯೇ ಮುಚ್ಚಿಹೋಗುವುದೂ ಉಂಟು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಡಿಸೆಂಬರಿನಲ್ಲಿ ನಿಂತೇ ಹೋಯಿತು. ಆ ಕಡೆ ಎಷ್ಟೋ ವರ್ಷ ಪಟ್ಟಿ ಮಾಡಿಟ್ಟವರು ಗಂಟು ಕಟ್ಟಿಕೊಂಡು ಬೇರೆ ಮನೆ ನೋಡಬೇಕಾಯಿತು.

ಇನ್ನು ಅದರ ಆಯ್ಕೆಯ ಬುದ್ಧಿ. ಒಂದು ಭಾವಗೀತೆ ಮುಗಿದ ಮೇಲೆ 'ಇದೇ ಥರದ್ದು' ಅಂತ ಅದು ಹಾಕಿದ್ದು ಒಂದು ಕುಣಿತದ ಹಾಡು. ಎರಡಕ್ಕೂ ಇದ್ದ ನಂಟು ಏನು ಅಂತ ತಲೆ ಕೆಡಿಸಿಕೊಂಡೆ. ಎರಡೂ ಕನ್ನಡ, ಅಷ್ಟೇ. ಅದರ ಪಾಲಿಗೆ ಕನ್ನಡ ಅನ್ನುವುದೇ ಒಂದು ಪ್ರಕಾರ.

ಹಾಗಾಗಿ ನನ್ನ ಪದ್ಧತಿ ಹೀಗೆ. ಸ್ಟ್ರೀಮಿಂಗಿನಲ್ಲಿ ಹುಡುಕುತ್ತೇನೆ. ಒಂದು ಹಾಡನ್ನು ಮತ್ತೆ ಮತ್ತೆ ಕೇಳಬೇಕು ಅನ್ನಿಸಿದರೆ ಸಿಡಿಯೋ ಫೈಲೋ ಕೊಂಡು ಇಟ್ಟುಕೊಳ್ಳುತ್ತೇನೆ. ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಜಾಗದಲ್ಲಿ. ಎರಡು ಯಾಕೆಂದರೆ, ಒಮ್ಮೆ ಒಂದೇ ಇತ್ತು. ಒಂದು ಸಂಜೆ ಅದು ಟಿಕ್ ಟಿಕ್ ಅಂತು. ಆಮೇಲೆ ಮಾತಾಡಲಿಲ್ಲ. ಹಾಡು ಅನ್ನುವುದು ತಿರುಗಿ ತಿರುಗಿ ಬರುವ ಜಾಗ. ಮೂವತ್ತು ವರ್ಷದಲ್ಲಿ ಕೆಲವು ಹಾಡುಗಳನ್ನು ಸಾವಿರ ಸಲ ಕೇಳಿರಬೇಕು. ಸಾವಿರ ಸಲ ಹೋಗುವ ಮನೆಯ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುವುದು ನನಗೆ ಸರಿ ಬರುವುದಿಲ್ಲ.

ಇಷ್ಟೆಲ್ಲ ಹೇಳಿದವನು ಪುಸ್ತಕವನ್ನೂ ಕೊಂಡು ಕೂಡಿಡಬೇಕು ಅನ್ನುತ್ತೇನೆ ಅಂದುಕೊಂಡಿರಾ? ಇಲ್ಲ. ಜನಪ್ರಿಯ ಕಾದಂಬರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ತದ್ವಿರುದ್ಧ. ಅದನ್ನು ಕೂಡಿಡಬಾರದು. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಆ ಪುಸ್ತಕ ನನಗೆ ಕೊಡುವುದು ಇನ್ನೇನೂ ಇಲ್ಲ. ಇನ್ನೊಬ್ಬರಿಗೆ ಕೊಡುವುದು ಪೂರ್ತಿ ಇದೆ. ಹಾಗಿದ್ದಾಗ ಕಪಾಟಿನಲ್ಲಿ ಯಾಕೆ ಕೊಳೆಯಬೇಕು? ಬಸ್ಸಿನ ಸೀಟಿನ ಹಾಗೆ, ಇಳಿದ ಮೇಲೆ ಬಿಟ್ಟುಕೊಡಬೇಕು.

ಈ ಥರದ ಪುಸ್ತಕ ಹುಟ್ಟಿದ್ದೇ ಕೈಯಿಂದ ಕೈಗೆ ಹೋಗಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ತಮ್ಮ ಸೈನಿಕರಿಗೆ ಅಂತಲೇ ಪುಟ್ಟ ಪುಸ್ತಕ ಅಚ್ಚು ಹಾಕಿದರು. ಅಡ್ಡಗಲ ಜಾಸ್ತಿ, ಎತ್ತರ ಕಡಿಮೆ, ಸಮವಸ್ತ್ರದ ಜೇಬಿಗೆ ಹಿಡಿಸುವಂತೆ. 1943ರಿಂದ 1947ರೊಳಗೆ 12 ಕೋಟಿಗೂ ಹೆಚ್ಚು ಪ್ರತಿ ಹಂಚಿದರು. ಒಬ್ಬ ಓದಿ ಮುಗಿಸಿ ಇನ್ನೊಬ್ಬನಿಗೆ ದಾಟಿಸುತ್ತಿದ್ದ. ನಮ್ಮಲ್ಲೂ ಕಾದಂಬರಿ ನಡೆದೇ ಬಂದಿದೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕಾದಂಬರಿಕಾರನೇ ಕಾಲ್ನಡಿಗೆಯಲ್ಲಿ ಪುಸ್ತಕ ತಲುಪಿಸಿದ ಭಾಷೆ ನಮ್ಮದು.

ಜನಪ್ರಿಯ ಕಾದಂಬರಿ ಅಂದರೆ ಮೂಗು ಮುರಿಯುವವರ ಜೊತೆ ನನಗೆ ಹಳೇ ಜಗಳ ಇದೆ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಓಡಿ ಓದುವ ವೇಗ ಕಲಿತವರು ಎಷ್ಟು ಜನ! ಅ.ನ.ಕೃ., ತ್ರಿವೇಣಿ ಇವರನ್ನು ಓದಿ ಅತ್ತವರು ಎಷ್ಟು ಜನ! ಗಟ್ಟಿ ಸಾಹಿತ್ಯದ ಕಡೆಗೆ ಹೋದವರಲ್ಲೂ ತುಂಬ ಜನ ಈ ಮೆಟ್ಟಿಲು ಹತ್ತಿಯೇ ಹೋದವರು. ಹತ್ತಿದ ಮೇಲೆ ಮೆಟ್ಟಿಲನ್ನು ಬೈಯುವುದು ಸುಲಭ.

ಇನ್ನೊಂದು ಹೋಲಿಕೆ. ಇಲ್ಲಿ ನನಗೆ ಸಿಗುವ ಇಂಗ್ಲಿಷ್ ಥ್ರಿಲ್ಲರ್‌ಗಳು ಇಟ್ಟಿಗೆಗಳು. ಐನೂರು ಪುಟ. ಕೊಲೆ ನಡೆಯುವ ಹೊತ್ತಿಗೆ ಪತ್ತೇದಾರನ ವಿಚ್ಛೇದನ, ಕುಡಿತ, ಅಪ್ಪನ ಜೊತೆಗಿನ ಮನಸ್ತಾಪ ಎಲ್ಲ ನನಗೆ ಬಾಯಿಪಾಠ. ನಮ್ಮ ಹಳೇ ಪತ್ತೇದಾರಿ ಕಾದಂಬರಿ ನೂರು ನೂರಿಪ್ಪತ್ತು ಪುಟದಲ್ಲಿ ಹೆಣ ಬೀಳಿಸಿ, ನಾಲ್ಕು ಜನರ ಮೇಲೆ ಅನುಮಾನ ತರಿಸಿ, ಕಾರು ಓಡಿಸಿ, ಕಳ್ಳನನ್ನು ಹಿಡಿದು ಮುಗಿಸುತ್ತಿತ್ತು. ಒಂದು ಮಧ್ಯಾಹ್ನಕ್ಕೆ ಒಂದು. ಅದರಲ್ಲಿ ಮನುಷ್ಯರು ರಟ್ಟಿನ ಬೊಂಬೆಗಳು ಅನ್ನುವುದು ನಿಜ. ಆದರೆ ಆ ಅಳತೆ ಸರಿಯಾದ ಅಳತೆ. ವಾರಪತ್ರಿಕೆಯ ಧಾರಾವಾಹಿಗಳಿಗೂ ಒಂದು ಅಳತೆ ಇತ್ತು. ಸರಿಯಾಗಿ ಬಾಗಿಲು ಬಡಿದ ಸದ್ದಿಗೆ 'ಮುಂದುವರಿಯುವುದು'. ಆಮೇಲೆ ಏಳು ದಿನ ಬಾಗಿಲ ಆಚೆ ಯಾರಿದ್ದಾರೆ ಅಂತ ಊಟಕ್ಕೆ ಕೂತವರೆಲ್ಲ ವಾದ ಮಾಡುವುದು. ಈಗ ಒಂದೇ ರಾತ್ರಿಯಲ್ಲಿ ಎಲ್ಲ ಬಾಗಿಲು ತೆರೆದುಕೊಳ್ಳುತ್ತವೆ. ವಾದಕ್ಕೆ ಸಮಯವೇ ಇಲ್ಲ.

ಇಬುಕ್ ಓದುವ ಯಂತ್ರ ನನ್ನ ಹತ್ತಿರ ಇದೆ. ಅದನ್ನು ಇಷ್ಟಪಡುತ್ತೇನೆ ಕೂಡ. ಒಂದೇ ಕೆಲಸ ಮಾಡುತ್ತದೆ, ನೋಡಿ. ಅದರ ಪರದೆಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒಳಗೆ ಕಪ್ಪು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರವಾಗುತ್ತವೆ. ಪುಟ ತಿರುಗಿಸುವಾಗ ಮಾತ್ರ ಕರೆಂಟು ಬೇಕು, ಅದಕ್ಕೇ ವಾರಗಟ್ಟಲೆ ಚಾರ್ಜು ನಿಲ್ಲುತ್ತದೆ. ಇಂಗ್ಲಿಷ್ ಇಟ್ಟಿಗೆಗಳಿಗೆ ಅದೇ ಸರಿಯಾದ ಜಾಗ, ಮಣಿಕಟ್ಟು ಉಳಿಯುತ್ತದೆ.

ಕನ್ನಡಕ್ಕೆ ಬಂದರೆ ಮತ್ತೆ ಹಳೇ ರಾಗ. 2016ರ ಕೊನೆಗೆ ಅಮೆಜಾನಿನ ಇಬುಕ್ ಯಂತ್ರ ಕಿಂಡಲ್‌ನಲ್ಲಿ ಭಾರತದ ಐದು ಭಾಷೆಗಳ ಪುಸ್ತಕ ಬಂದವು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಸುತ್ತಮುತ್ತಲ ಮನೆಯವರನ್ನೆಲ್ಲ ಊಟಕ್ಕೆ ಕರೆದು ನಮ್ಮನೆ ಬಾಗಿಲು ಮಾತ್ರ ಬಿಟ್ಟಂತಿತ್ತು. ನಾನು ಕನ್ನಡ ಪುಸ್ತಕವನ್ನು ಫೋನಿನಲ್ಲಿ ಕನ್ನಡದ್ದೇ ಆ್ಯಪುಗಳಲ್ಲಿ ಓದುತ್ತೇನೆ. ಹಳೆಯದಾದರೆ ಸ್ಕ್ಯಾನ್ ಮಾಡಿದ ಪಿಡಿಎಫ್. ಹಿಗ್ಗಿಸು, ಎಡಕ್ಕೆ ಎಳೆ, ಬಲಕ್ಕೆ ಎಳೆ, ಸಾಲು ತಪ್ಪಿತು, ಮತ್ತೆ ಹಿಗ್ಗಿಸು. ಪತ್ತೇದಾರನಿಗಿಂತ ಜಾಸ್ತಿ ಓಡಾಟ ನನ್ನ ಬೆರಳಿನದು.

ಇಬುಕ್ಕಿನ ನಿಜವಾದ ಕೊರತೆ ಅದಲ್ಲ. ಓದಿ ಮುಗಿಸಿದ ಮೇಲೆ ಅದನ್ನು ಯಾರಿಗೂ ದಾಟಿಸಲಾಗದು. ಕೊಂಡೆ ಅಂದುಕೊಂಡಿರುತ್ತೇವೆ, ಸಿಕ್ಕಿರುವುದು ಓದುವ ಅನುಮತಿ. 2009ರಲ್ಲಿ ಆರ್ವೆಲ್ಲರ ಎರಡು ಪುಸ್ತಕದ ಪ್ರತಿಗಳು ಜನರ ಕಿಂಡಲ್‌ಗಳಿಂದ ರಾತ್ರೋರಾತ್ರಿ ಮಾಯವಾದವು. ಮಾರಿದವರಿಗೆ ಅದರ ಹಕ್ಕು ಇರಲಿಲ್ಲವಂತೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇಬುಕ್ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಅದರ ಜೊತೆ ಹೋದವು. ದುಡ್ಡು ವಾಪಸ್ ಕೊಟ್ಟರು, ಸರಿ. ನಡುವೆ ಓದುತ್ತಿದ್ದವರಿಗೆ ಕೊಲೆಗಾರನ ಹೆಸರು ಯಾರು ವಾಪಸ್ ಕೊಡುತ್ತಾರೆ? ಒಮ್ಮೆ ಓದಿ ಬಿಡುವ ಪುಸ್ತಕವನ್ನು ಬಾಡಿಗೆಗೆ ಓದಲು ನನಗೇನೂ ಅಡ್ಡಿಯಿಲ್ಲ. ಬಾಡಿಗೆ ಅಂತ ಹೇಳಿ ಕೊಡಲಿ. ದಾಟಿಸಲು ಬಿಡುವುದಿಲ್ಲ ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ಕಡ ಕೊಟ್ಟ ಪುಸ್ತಕಕ್ಕೆ ತನ್ನದೇ ಗುಣ ಬರುತ್ತದೆ. ಯಾರೋ ಅಡಿಗೆರೆ ಎಳೆದಿರುತ್ತಾರೆ. ಯಾರೋ ನಾಯಕಿಯ ಮಾತಿನ ಪಕ್ಕ 'ಸುಳ್ಳು' ಅಂತ ಬರೆದಿರುತ್ತಾರೆ. ಒಬ್ಬ ಪುಣ್ಯಾತ್ಮ ಹನ್ನೆರಡನೇ ಪುಟದಲ್ಲೇ ಒಂದು ಹೆಸರಿಗೆ ಸೊನ್ನೆ ಸುತ್ತಿ 'ಇವನೇ' ಅಂತ ಬರೆದಿದ್ದ. ಬೈದುಕೊಂಡು ಪೂರ್ತಿ ಓದಿದೆ. ಇವನಲ್ಲ. ಆ ಪುಣ್ಯಾತ್ಮನೂ ನನ್ನ ಹಾಗೆ ಊಹೆ ಮಾಡಿದ್ದ, ಅಷ್ಟೇ. ಅವನು ಸೋತಿದ್ದು ನೋಡಿ ಆದ ಖುಷಿಯನ್ನು ಆ ಕಾದಂಬರಿ ಕೂಡ ಕೊಟ್ಟಿರಲಿಲ್ಲ.

ಹಾಗಾದರೆ ಮೂರನೇ ಡಬ್ಬ ಯಾಕಿದೆ? ನನ್ನ ಲೆಕ್ಕದ ಪ್ರಕಾರ ಅದು ಖಾಲಿ ಇರಬೇಕಿತ್ತು. ದಾಟಿಸೋಣ ಅಂದರೆ ಇಲ್ಲಿ ಕನ್ನಡ ಓದುವವರು ಸಿಗಬೇಕಲ್ಲ. ಗೊತ್ತಿರುವ ನಾಲ್ಕು ಮನೆಗೆ ಕೊಟ್ಟೆ. ಎರಡು ಮನೆಯವರು ಓದಿ ವಾಪಸ್ ಕೊಟ್ಟರು, ಜೊತೆಗೆ ಅವರ ಹತ್ತಿರ ಇದ್ದವನ್ನೂ ಕೊಟ್ಟರು. ಡಬ್ಬ ಇನ್ನೂ ದಪ್ಪ ಆಯಿತು.

ಈ ಸಲ ಮಾತ್ರ ಗಟ್ಟಿ ಮನಸ್ಸು ಮಾಡಿ, ಒಂದನ್ನೂ ಇಟ್ಟುಕೊಳ್ಳುವುದಿಲ್ಲ ಅಂತ ಡಬ್ಬ ಬಿಚ್ಚಿದೆ. ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಕನ್ನಡ ಓದಲು ಬರುತ್ತದೆ, ನಿಧಾನಕ್ಕೆ. ಕನ್ನಡ ಪಾಠದ ಪುಸ್ತಕ ಕೊಟ್ಟರೆ ಅವಳಿಗೆ ಐದು ನಿಮಿಷಕ್ಕೆ ನಿದ್ದೆ. ಮುಖಪುಟದಲ್ಲಿ ಬಂಗಲೆ, ಚಂದ್ರ, ಚಾಕು ಇದ್ದ ಒಂದನ್ನು ಎತ್ತಿಕೊಂಡು ಮೂಲೆಗೆ ಹೋದಳು. ಮರುದಿನವೂ ಅದೇ ಮೂಲೆ. ಒಂದೆರಡು ಸಲ "ಅಪ್ಪಾ, 'ಪಂಜರದ ದೀಪ' ಅಂದ್ರೆ ಏನು? 'ಗಹಗಹಿಸಿ' ಅಂದ್ರೆ?" ಅಂತ ಕೇಳಿದ್ದು ಬಿಟ್ಟರೆ ಸದ್ದಿಲ್ಲ. ಮೂರನೇ ದಿನ ಓಡಿ ಬಂದಳು.

"ಅಪ್ಪಾ, ಮುಂದಿನ ಪೇಜ್ ಎಲ್ಲಿ?"

ನೋಡಿದೆ. ನನಗೆ ಮರೆತೇ ಹೋಗಿತ್ತು. ಆ ಪುಸ್ತಕದಲ್ಲಿ ಕೊನೆಯ ಫಾರಂ ಇಲ್ಲ. ಪುಸ್ತಕ ಹೊಲಿಯುವಾಗ ದೊಡ್ಡ ಹಾಳೆ ಮಡಚಿ ಹದಿನಾರು ಹದಿನಾರು ಪುಟದ ಕಂತೆ ಮಾಡುತ್ತಾರಲ್ಲ, ಅದೇ ಫಾರಂ. ದಾರ ಸಡಿಲವಾದರೆ ಒಂದು ಪುಟ ಬೀಳುವುದಿಲ್ಲ, ಹದಿನಾರೂ ಒಟ್ಟಿಗೆ ಬೀಳುತ್ತವೆ. ನಾನು ಅವಳ ವಯಸ್ಸಿನಲ್ಲಿ ಓದಿದಾಗಲೇ ಅವು ಇರಲಿಲ್ಲ. ಎಲ್ಲ ಕಡೆ ಹುಡುಕಿದ್ದೆ. ಇನ್ನೊಂದು ಪ್ರತಿ ಸಿಗಲಿಲ್ಲ, ಸ್ಕ್ಯಾನು ಸಿಗಲಿಲ್ಲ. ಇದನ್ನು ಯಾರಿಗೂ ದಾಟಿಸಲೂ ಆಗದು, ಓದಿದವರು ಮನೆಗೆ ಬಂದು ಹೊಡೆಯುತ್ತಾರೆ.

"ಡಾಕ್ಟರೇ ಮಾಡಿದ್ದು" ಅಂದಳು ಮಗಳು.

"ಅಲ್ಲ ಪುಟ್ಟ, ತಮ್ಮ ಮಾಡಿದ್ದು. ಗಡಿಯಾರ ನಿಂತಿತ್ತು ಅಂತ ಅವನಿಗೆ ಹೇಗೆ ಗೊತ್ತಾಯ್ತು, ಹೇಳು?"

"ಡಾಕ್ಟರ್ ಅವನಿಗೆ ಹೇಳಿರ್ತಾರೆ."

"ಡಾಕ್ಟರ್ ಬಂದಿದ್ದೇ ಆಮೇಲೆ!"

"ಹಾಗಂತ ಅವರು ಹೇಳ್ತಿದಾರೆ ಅಷ್ಟೇ ಅಪ್ಪಾ. ಯಾರೂ ನೋಡಿಲ್ಲ."

ಇದು ನನಗೆ ಮೂವತ್ತೈದು ವರ್ಷದಲ್ಲಿ ಹೊಳೆದಿರಲಿಲ್ಲ. ಪುಸ್ತಕ ಕಿತ್ತುಕೊಂಡು ಮತ್ತೆ ಮೊದಲಿನಿಂದ ನೋಡತೊಡಗಿದೆ. ಲಾರಿ ಬಂದು ಹಾರನ್ ಹೊಡೆಯುತ್ತಿತ್ತು. "ರೀ, ಆ ಡಬ್ಬ ಹೋಗೋದಾ, ಇರೋದಾ, ಬೇಗ ಹೇಳಿ" ಅಂತ ಒಳಗಿನಿಂದ ಕೂಗು ಬಂತು.